ಶ್ರಮಕ್ಕೆ ಮುನ್ನ, ಶ್ರಮದ ನಂತರ: ಮೈ ಚಾಚುವ ವ್ಯಾಯಾಮದ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ: ಮೈ ಚಾಚುವ ವ್ಯಾಯಾಮವನ್ನು ಯಾವಾಗ ಮತ್ತು ಹೇಗೆ ಮಾಡಬೇಕೆಂಬುದನ್ನು ತಿಳಿಯುವುದು, ಕಾಮಗಾರಿ ಸ್ಥಳ, ಹೊಲ ಹಾಗೂ ಆಟದ ಮೈದಾನಗಳಲ್ಲಿ ಅದನ್ನು ಅಳವಡಿಸಲು ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳನ್ನು ಗುರುತಿಸುವುದು.

1. ಪೀಠಿಕೆ

ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು 2014ರ ಡಿಸೆಂಬರ್ 11ರಂದು ಕೈಗೊಂಡ ನಿರ್ಣಯದಂತೆ 2015ರಿಂದ ಪ್ರತಿ ವರ್ಷ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನವನ್ನು ಆಚರಿಸಲಾಗುತ್ತಿದೆ. ಅಂದು ಪಂಚಾಯತಿ ಕಚೇರಿಯ ಅಂಗಳದಲ್ಲಿ, ಶಾಲಾ ಮೈದಾನದಲ್ಲಿ, ಅಮೃತ ಸರೋವರದ ದಂಡೆಯ ಮೇಲೆ ಜನರು ಸಾಲಾಗಿ ನಿಂತು ಕೈಕಾಲು ಚಾಚುತ್ತಾರೆ. ಮರುದಿನ ಆ ಅಂಗಳ ಬರಿದಾಗಿರುತ್ತದೆ. ಅದೇ ಬೆಳಿಗ್ಗೆ ಊರ ಹೊರಗೆ ಬದು ನಿರ್ಮಾಣದ ಕೆಲಸಕ್ಕೆ ಬಂದ ಕೂಲಿಕಾರರು ಗುದ್ದಲಿ, ಸಲಿಕೆ, ಬುಟ್ಟಿಗಳನ್ನು ಹಿಡಿದು ನೇರವಾಗಿ ಕೆಲಸಕ್ಕೆ ಇಳಿಯುತ್ತಾರೆ. ದೇಹವನ್ನು ಅತಿ ಹೆಚ್ಚು ದುಡಿಸುವವರಿಗೇ ದೇಹವನ್ನು ಸಿದ್ಧಗೊಳಿಸುವ ಪಾಠ ತಲುಪಿಲ್ಲ.

ಯಾದಗಿರಿ ಜಿಲ್ಲೆಯ ಬದುಕು ಮೈದುಡಿಮೆಯನ್ನು ಆಧರಿಸಿದೆ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯ ನೀರು ಹರಿಯುವ ಸುರಪುರ ಮತ್ತು ಶಹಾಪುರ ಭಾಗಗಳಲ್ಲಿ ಮಹಿಳೆಯರು ಭತ್ತದ ನಾಟಿಗಾಗಿ ದಿನವಿಡೀ ಬಾಗಿ ನಿಲ್ಲುತ್ತಾರೆ. ಹತ್ತಿ ಬಿಡಿಸುವಾಗ ಕುತ್ತಿಗೆಯೂ ಬೆರಳುಗಳೂ ದಣಿಯುತ್ತವೆ. ತೊಗರಿ ಕೊಯ್ಲಿನಲ್ಲಿ ನಡುವೂ ಮಣಿಕಟ್ಟೂ ನೋಯುತ್ತವೆ. ಬೆಂಗಳೂರು, ಪುಣೆ, ಮುಂಬೈಗಳಿಗೆ ಗುಳೆ ಹೋಗುವವರು ಅಲ್ಲಿಯೂ ಇಟ್ಟಿಗೆ, ಮರಳು, ಸಿಮೆಂಟು ಹೊರುತ್ತಾರೆ. ಇಂತಹ ಕುಟುಂಬದಲ್ಲಿ ದುಡಿಯುವವರೊಬ್ಬರಿಗೆ ನಡು ಹಿಡಿದು ಒಂದು ವಾರ ಮಲಗಿದರೆ ಆ ವಾರದ ಕೂಲಿ ಹೋಗುತ್ತದೆ, ಔಷಧದ ಖರ್ಚು ಬರುತ್ತದೆ, ಅವರ ಕೆಲಸ ಮನೆಯ ಮತ್ತೊಬ್ಬರ ಹೆಗಲಿಗೆ ಬೀಳುತ್ತದೆ. ಎಷ್ಟೋ ಸಲ ಅದು ಶಾಲೆಗೆ ಹೋಗುವ ಮಗಳ ಹೆಗಲಾಗಿರುತ್ತದೆ. ಆದ್ದರಿಂದ ಈ ವಿಷಯವು ಪಂಚಾಯತಿಯ ಪರಿಶೀಲನೆಗೆ ಅರ್ಹವಾಗಿದೆ.

2. ಚಾಚುವಿಕೆಯಲ್ಲಿ ಎರಡು ಬಗೆ

ಮೊದಲನೆಯದು ಚಲನೆಯ ಚಾಚುವಿಕೆ. ಇದರಲ್ಲಿ ಅಂಗವನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವುದಿಲ್ಲ. ತೋಳು ಸುತ್ತಿಸುವುದು, ಮೊಣಕಾಲು ಎತ್ತಿ ನಡೆಯುವುದು, ಅರ್ಧ ಬಸ್ಕಿ ಹೊಡೆಯುವುದು ಮುಂತಾದ ನಿಯಂತ್ರಿತ ಚಲನೆಗಳಿಂದ ಕೀಲುಗಳು ತಮ್ಮ ಪೂರ್ಣ ವ್ಯಾಪ್ತಿಯಲ್ಲಿ ಆಡುತ್ತವೆ. ರಕ್ತಸಂಚಾರ ಹೆಚ್ಚಿ ಸ್ನಾಯುಗಳು ಬೆಚ್ಚಗಾಗುತ್ತವೆ.

ಎರಡನೆಯದು ಸ್ಥಿರ ಚಾಚುವಿಕೆ. ಇದರಲ್ಲಿ ಸ್ನಾಯುವನ್ನು ನಿಧಾನವಾಗಿ ಎಳೆದು, ಬಿಗಿಯ ಅನುಭವವಾದ ಕಡೆ ನಿಲ್ಲಿಸಿ, ಹತ್ತರಿಂದ ಮೂವತ್ತು ಸೆಕೆಂಡು ಹಾಗೆಯೇ ಹಿಡಿಯಲಾಗುತ್ತದೆ.

ಈ ಪಾಠದ ಮುಖ್ಯ ಸೂತ್ರವು ಸರಳವಾಗಿದೆ: ಶ್ರಮಕ್ಕೆ ಮುನ್ನ ಚಲನೆಯ ಚಾಚುವಿಕೆ, ಶ್ರಮದ ನಂತರ ಸ್ಥಿರ ಚಾಚುವಿಕೆ. ಗರಡಿ ಮನೆಯಲ್ಲಿ ಬೆಳೆದ ಹಿರಿಯರಿಗೆ ಇದರ ಮೊದಲ ಅರ್ಧ ಹೊಸದಲ್ಲ. ಅಖಾಡಕ್ಕೆ ಇಳಿಯುವ ಪೈಲ್ವಾನನು ಮೊದಲು ದಂಡ, ಬಸ್ಕಿಗಳನ್ನು ಹೊಡೆದು ಮೈ ಬೆವರಿಸಿಕೊಳ್ಳುತ್ತಾನೆ. ತಣ್ಣಗಿನ ಮೈಯಲ್ಲಿ ಯಾರೂ ಕುಸ್ತಿ ಹಿಡಿಯುವುದಿಲ್ಲ. ಜಾತ್ರೆಯಲ್ಲಿ ಗುಂಡು ಎತ್ತುವವರೂ ಮೊದಲಿಗೇ ದೊಡ್ಡ ಕಲ್ಲಿಗೆ ಕೈ ಹಾಕುವುದಿಲ್ಲ.

3. ಸಂಶೋಧನೆಗಳು ತಿಳಿಸುವುದೇನು?

ಮೈ ಚಾಚಿದರೆ ಯಾವ ಗಾಯವೂ ಆಗದು, ಮರುದಿನ ಮೈನೋವೂ ಬಾರದು ಎಂಬ ನಂಬಿಕೆ ವ್ಯಾಪಕವಾಗಿದೆ. ಈ ನಂಬಿಕೆಯು ಪರೀಕ್ಷೆಯಲ್ಲಿ ಪೂರ್ಣವಾಗಿ ನಿಂತಿಲ್ಲ.

ಆಸ್ಟ್ರೇಲಿಯಾದ ಸೈನ್ಯಕ್ಕೆ ಹೊಸದಾಗಿ ಸೇರಿದ 1,538 ಪುರುಷರನ್ನು ಎರಡು ಗುಂಪುಗಳಾಗಿ ವಿಂಗಡಿಸಿ 12 ವಾರಗಳ ತರಬೇತಿಯ ಅವಧಿಯಲ್ಲಿ ಅಧ್ಯಯನ ನಡೆಸಲಾಯಿತು. ಎರಡೂ ಗುಂಪುಗಳು ಮೈ ಬೆಚ್ಚಗಾಗಿಸುವ ಚಟುವಟಿಕೆಯನ್ನು ಮಾಡಿದವು. ಒಂದು ಗುಂಪು ಮಾತ್ರ ಅದರೊಂದಿಗೆ ಕಾಲಿನ ಆರು ಸ್ನಾಯು ಗುಂಪುಗಳ ಸ್ಥಿರ ಚಾಚುವಿಕೆಯನ್ನೂ ಮಾಡಿತು. 2000ದಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ಗುಂಪುಗಳ ಗಾಯದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. 12 ಅಧ್ಯಯನಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ವಿಮರ್ಶೆಯು, ವ್ಯಾಯಾಮಕ್ಕೆ ಮುನ್ನವಾಗಲಿ ನಂತರವಾಗಲಿ ಮಾಡಿದ ಚಾಚುವಿಕೆಯಿಂದ ಮರುದಿನದ ಸ್ನಾಯು ನೋವು ನೂರು ಅಂಕಗಳ ಅಳತೆಯಲ್ಲಿ ಒಂದು ಅಂಕದಷ್ಟು ಅಥವಾ ಅದಕ್ಕಿಂತ ಕಡಿಮೆ ಇಳಿಯುತ್ತದೆಂದು ತಿಳಿಸಿತು. ಅಂದರೆ ಇಲ್ಲವೆನ್ನುವಷ್ಟು ಅಲ್ಪ.

ಒಂದು ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಸ್ಥಿರವಾಗಿ ಎಳೆದು ಹಿಡಿದ ಕೂಡಲೇ ಓಡಿದರೆ, ಜಿಗಿದರೆ ಅಥವಾ ಭಾರ ಎತ್ತಿದರೆ ಆ ಸ್ನಾಯುವಿನ ಬಲ ತಾತ್ಕಾಲಿಕವಾಗಿ ತುಸು ಕುಗ್ಗುತ್ತದೆ ಎಂಬುದೂ ದೃಢಪಟ್ಟಿದೆ. ಕೆಲಸಕ್ಕೆ ಮುನ್ನ ದೀರ್ಘ ಸ್ಥಿರ ಚಾಚುವಿಕೆ ಬೇಡವೆನ್ನಲು ಇದೇ ಕಾರಣ.

ಹಾಗಾದರೆ ಉಪಯೋಗಕ್ಕೆ ಬರುವುದು ಯಾವುದು? ನಾರ್ವೆ ದೇಶದ 13ರಿಂದ 17 ವರ್ಷದ 1,892 ಫುಟ್‌ಬಾಲ್ ಆಟಗಾರ್ತಿಯರ ಅಧ್ಯಯನವು 2008ರಲ್ಲಿ ಪ್ರಕಟವಾಯಿತು. ಅಲ್ಲಿ ಅನುಸರಿಸಿದ್ದು ಸುಮಾರು 20 ನಿಮಿಷಗಳ ಪೂರ್ವಸಿದ್ಧತೆ: ನಿಧಾನದ ಓಟ, ಬಲವರ್ಧನೆ, ಸಮತೋಲನ ಮತ್ತು ಜಿಗಿತ. ಇದನ್ನು ಅಳವಡಿಸಿಕೊಂಡ ಗುಂಪಿನಲ್ಲಿ ಒಟ್ಟಾರೆ ಗಾಯಗಳು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾದವು. ಆದ್ದರಿಂದ ಶ್ರಮಕ್ಕೆ ಮುನ್ನ ದೇಹಕ್ಕೆ ಅಗತ್ಯವಾದುದು ಚಲನೆ. ಸ್ಥಿರ ಚಾಚುವಿಕೆಯ ಪ್ರಯೋಜನ ಬೇರೆ: ವಾರಗಟ್ಟಲೆ ನಿಯಮಿತವಾಗಿ ಮಾಡಿದಾಗ ಬಿಗಿದ ಕೀಲುಗಳ ಆಟ ಹೆಚ್ಚುತ್ತದೆ, ಬಾಗುವುದು, ಕುಕ್ಕರಗಾಲಿನಲ್ಲಿ ಕೂರುವುದು, ಕೈ ಮೇಲೆತ್ತುವುದು ಸುಲಭವಾಗುತ್ತದೆ.

4. ಕಾಮಗಾರಿ ಸ್ಥಳದ ಲೆಕ್ಕಾಚಾರ

ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು ಒಂದೂವರೆ ಟನ್. ಒಂದು ಬುಟ್ಟಿಗೆ 20 ಕಿಲೋ ಎಂದು ಹಿಡಿದರೆ ಒಂದು ಘನ ಮೀಟರ್ ಮಣ್ಣು ಸಾಗಿಸಲು 75 ಬುಟ್ಟಿಗಳು ಬೇಕು. ಪ್ರತಿ ಬುಟ್ಟಿಗೂ ಒಬ್ಬರು ಬಾಗಿ ತುಂಬಬೇಕು, ಒಬ್ಬರು ಎತ್ತಿ ಕೊಡಬೇಕು, ಒಬ್ಬರು ಸಿಂಬಿಯ ಮೇಲೆ ಹೊತ್ತು ನಡೆಯಬೇಕು. ದಿನವೊಂದರಲ್ಲಿ ನಡು ಎಷ್ಟು ಸಲ ಬಾಗುತ್ತದೆಂಬುದನ್ನು ಸದಸ್ಯರೇ ಗುಣಿಸಿ ನೋಡಬಹುದು.

ಎಂಟು ಗಂಟೆಗಳ ದಿನದಲ್ಲಿ ಒಂದು ಗಂಟೆ ವಿಶ್ರಾಂತಿ ಕಳೆದರೆ ಉಳಿಯುವುದು 420 ನಿಮಿಷ. ಅದರಲ್ಲಿ ಹತ್ತು ನಿಮಿಷವೆಂದರೆ ನಲವತ್ತೆರಡರಲ್ಲಿ ಒಂದು ಪಾಲು. ಈ ಪಾಲನ್ನು ಯಾರು ಭರಿಸಬೇಕು ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. ಕೂಲಿಯನ್ನು ಅಗೆದ ಮಣ್ಣಿನ ಅಳತೆಯ ಮೇಲೆ ನಿರ್ಧರಿಸುವಾಗ ಹತ್ತು ನಿಮಿಷ ಕಳೆಯಲು ಕೂಲಿಕಾರರು ಹಿಂಜರಿಯುವುದು ಸಹಜ. ಅದನ್ನು ಅಜ್ಞಾನವೆಂದು ಭಾವಿಸಬಾರದು. ಕೆಲಸದ ವೇಳೆಗೆ ಹತ್ತು ನಿಮಿಷ ಮುಂಚೆ ಬನ್ನಿರೆಂದು ಹೇಳಿದರೆ ದೂರದ ತಾಂಡಾ, ದೊಡ್ಡಿಗಳಿಂದ ನಡೆದು ಬರುವ ಮಹಿಳೆಯರಿಗೆ ಅದು ಮತ್ತೊಂದು ಹೊರೆಯಾಗುತ್ತದೆ.

ಇದಕ್ಕೆ ಕಾರ್ಯಸಾಧ್ಯವಾದ ಮಾರ್ಗವೊಂದಿದೆ. ಬೆಳಿಗ್ಗೆ ಹಾಜರಾತಿಯ ಛಾಯಾಚಿತ್ರಕ್ಕಾಗಿ ಎಲ್ಲರೂ ಒಂದೆಡೆ ಸೇರಿ ನಿಲ್ಲುವ ಸಮಯ ಹೇಗೂ ಇರುತ್ತದೆ. ಹೆಸರು ಕೂಗುವಾಗ, ಮೊಬೈಲ್ ಸಂಪರ್ಕಕ್ಕಾಗಿ ಕಾಯುವಾಗ ಸುಮ್ಮನೆ ನಿಲ್ಲುವ ಬದಲು ಕಾಯಕ ಬಂಧುವಿನ ಮುಂದಾಳತ್ವದಲ್ಲಿ ಅಂಗಚಾಲನೆ ಮಾಡಬಹುದು. ಹೀಗೆ ಮಾಡಿದರೆ ಆ ಹತ್ತು ನಿಮಿಷವು ಕೆಲಸದ ವೇಳೆಯೊಳಗೇ ಸೇರುತ್ತದೆ.

ಕೆಲಸಕ್ಕೆ ಮುನ್ನ ಒಟ್ಟಾಗಿ ಅಂಗಚಾಲನೆ ಮಾಡುವ ಪದ್ಧತಿ ಅನ್ಯ ದೇಶಗಳಲ್ಲಿಯೂ ಇದೆ. ಜಪಾನಿನಲ್ಲಿ 1928ರಲ್ಲಿ ರೇಡಿಯೋ ಮೂಲಕ ಆರಂಭವಾದ ಸಾಮೂಹಿಕ ವ್ಯಾಯಾಮವನ್ನು ಇಂದಿಗೂ ಅಲ್ಲಿನ ಅನೇಕ ಕಟ್ಟಡ ನಿರ್ಮಾಣ ಸ್ಥಳಗಳಲ್ಲಿ ಕಾರ್ಮಿಕರು ಬೆಳಿಗ್ಗೆ ಮಾಡುತ್ತಾರೆ. ಅದಕ್ಕೆ ಯಾವ ಸಲಕರಣೆಯೂ ಬೇಕಿಲ್ಲ.

5. ಕೆಲಸಕ್ಕೆ ಮುನ್ನ: ಹತ್ತು ನಿಮಿಷಗಳ ಕ್ರಮ

ಸೀರೆ ಉಟ್ಟವರೂ, ಪಂಚೆ ಉಟ್ಟವರೂ, ಬರಿಗಾಲಿನಲ್ಲಿ ನಿಂತವರೂ ಮಾಡಬಹುದಾದ ಚಲನೆಗಳನ್ನು ಮಾತ್ರ ಇಲ್ಲಿ ಕೊಡಲಾಗಿದೆ. ನೆಲದ ಮೇಲೆ ಮಲಗುವ ಅಗತ್ಯವಿಲ್ಲ.

(1) ನಡಿಗೆ: ನಿಂತಲ್ಲಿಯೇ ಅಥವಾ ಸುತ್ತಾಗಿ ಎರಡು ನಿಮಿಷ ಚುರುಕಾಗಿ ನಡೆಯುವುದು. ದೂರದಿಂದ ನಡೆದು ಬಂದವರಿಗೆ ಇದು ಆಗಲೇ ಆಗಿರುತ್ತದೆ.

(2) ಭುಜ: ಎರಡೂ ತೋಳುಗಳನ್ನು ಮುಂದಕ್ಕೆ ಹತ್ತು ಸುತ್ತು, ಹಿಂದಕ್ಕೆ ಹತ್ತು ಸುತ್ತು ತಿರುಗಿಸುವುದು. ಭುಜ ನೋವಿದ್ದವರು ಸಣ್ಣ ಸುತ್ತು ಹಾಕಬೇಕು.

(3) ಕುತ್ತಿಗೆ: ಎಡಕ್ಕೆ, ಬಲಕ್ಕೆ, ಕೆಳಕ್ಕೆ ನಿಧಾನವಾಗಿ ಐದೈದು ಸಲ. ತಲೆಯನ್ನು ಪೂರ್ತಿಯಾಗಿ ವೇಗದಿಂದ ಸುತ್ತಿಸಬಾರದು.

(4) ನಡು: ಕೈಗಳನ್ನು ಟೊಂಕದ ಮೇಲಿಟ್ಟು ಎಡಬಲಕ್ಕೆ ತಿರುಗುವುದು, ಬಳಿಕ ಪಕ್ಕಕ್ಕೆ ಬಾಗುವುದು, ಎಂಟೆಂಟು ಸಲ. ಜೋಲಿ ಹೊಡೆದಂತೆ ರಭಸದಿಂದ ತಿರುಗಬಾರದು.

(5) ಮೊಣಕಾಲು: ನಿಂತಲ್ಲಿ ಒಂದೊಂದೇ ಮೊಣಕಾಲನ್ನು ಟೊಂಕದ ಮಟ್ಟಕ್ಕೆ ಎತ್ತುವುದು, ಪ್ರತಿ ಕಾಲಿಗೆ ಹತ್ತು ಸಲ. ಸಮತೋಲನಕ್ಕೆ ಪಕ್ಕದವರ ಹೆಗಲು ಹಿಡಿಯಬಹುದು.

(6) ಅರ್ಧ ಬಸ್ಕಿ: ಪಾದಗಳನ್ನು ಭುಜದಷ್ಟು ಅಗಲಿಸಿ, ಬೆನ್ನು ನೆಟ್ಟಗಿಟ್ಟು, ಅರ್ಧ ಕುಳಿತು ಏಳುವುದು, ಹತ್ತು ಸಲ. ಬುಟ್ಟಿ ಎತ್ತುವ ಸರಿಯಾದ ಕ್ರಮವೂ ಇದೇ: ಭಾರವನ್ನು ಮೈಗೆ ಹತ್ತಿರ ಹಿಡಿದು ಮೊಣಕಾಲು ಮಡಚಿ ಏಳಬೇಕು, ನಡು ತಿರುಚಿ ಎತ್ತಬಾರದು.

(7) ಹಿಮ್ಮಡಿ ಮತ್ತು ಮಣಿಕಟ್ಟು: ತುದಿಗಾಲಿನಲ್ಲಿ ಹತ್ತು ಸಲ ನಿಂತು ಇಳಿಯುವುದು, ಮಣಿಕಟ್ಟುಗಳನ್ನು ಎರಡೂ ದಿಕ್ಕಿಗೆ ತಿರುಗಿಸುವುದು, ಬೆರಳುಗಳನ್ನು ಮುಚ್ಚಿ ತೆರೆಯುವುದು.

ಇದಾದ ಮೇಲೆ ಮೊದಲ ಕಾಲು ಗಂಟೆ ಅರ್ಧ ತುಂಬಿದ ಬುಟ್ಟಿಗಳನ್ನೇ ಹೊರುವುದು ಒಳಿತು. ಅದೂ ಪೂರ್ವಸಿದ್ಧತೆಯ ಭಾಗವೇ.

6. ಕೆಲಸದ ನಡುವೆ: ಬಾಗಿದ್ದಕ್ಕೆ ವಿರುದ್ಧ ದಿಕ್ಕು

ನಾಟಿ, ಕಳೆ, ಕೊಯ್ಲು ಈ ಮೂರೂ ಕೆಲಸಗಳಲ್ಲಿ ಬೆನ್ನು ಒಂದೇ ದಿಕ್ಕಿಗೆ ಬಾಗಿರುತ್ತದೆ. ಗಂಟೆಗೆ ಒಮ್ಮೆಯಾದರೂ ನೆಟ್ಟಗೆ ನಿಂತು, ಅಂಗೈಗಳನ್ನು ಟೊಂಕದ ಹಿಂದೆ ಒತ್ತಿ ಹಿಡಿದು, ನಿಧಾನವಾಗಿ ತುಸು ಹಿಂದಕ್ಕೆ ಬಾಗುವುದನ್ನು ನಾಲ್ಕೈದು ಸಲ ಮಾಡಬೇಕು. ಹತ್ತಿ ಬಿಡಿಸುವವರು ಭುಜಗಳನ್ನು ಕಿವಿಯ ಕಡೆಗೆ ಎತ್ತಿ ಬಿಡಬೇಕು, ಬೆರಳುಗಳನ್ನು ಅಗಲಿಸಬೇಕು. ನಾಟಿ ಹಚ್ಚುವವರು ಒಂದು ಸಾಲು ಮುಗಿದು ಬದುವಿಗೆ ಬಂದಾಗ ಇದನ್ನು ಮಾಡಿದರೆ ಪ್ರತ್ಯೇಕ ಸಮಯ ಬೇಕಾಗುವುದಿಲ್ಲ. ಬಿಡುವಿನ ವೇಳೆ ನೀರು ಕುಡಿಯುವುದನ್ನೂ ಇದರೊಂದಿಗೆ ರೂಢಿಸಬೇಕು.

7. ಕೆಲಸದ ನಂತರ: ಐದು ನಿಮಿಷಗಳ ಸ್ಥಿರ ಚಾಚುವಿಕೆ

ದಿನದ ದುಡಿಮೆ ಮುಗಿದಾಗ ಸ್ನಾಯುಗಳು ಬೆಚ್ಚಗಿರುತ್ತವೆ. ಎಳೆಯಲು ಅದೇ ತಕ್ಕ ಸಮಯ. ಪ್ರತಿ ಭಂಗಿಯನ್ನು 10ರಿಂದ 30 ಸೆಕೆಂಡು ಹಿಡಿದು ಎರಡು ಸಲ ಮಾಡಬೇಕು. ವಯಸ್ಸಾದವರು ಬಳಲಿಕೆಯಿಲ್ಲದಿದ್ದರೆ 30ರಿಂದ 60 ಸೆಕೆಂಡು ಹಿಡಿಯಬಹುದು. ಪ್ರತಿದಿನ ಸಾಧ್ಯವಾಗದಿದ್ದರೆ ವಾರಕ್ಕೆ ಎರಡು ಮೂರು ದಿನವಾದರೂ ತಪ್ಪಿಸಬಾರದು.

ಮೀನಖಂಡ: ಗೋಡೆ ಅಥವಾ ಮರಕ್ಕೆ ಕೈ ಕೊಟ್ಟು, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲಕ್ಕೆ ಊರಿ ಮುಂದಕ್ಕೆ ವಾಲುವುದು.

ತೊಡೆಯ ಹಿಂಭಾಗ: ಒಂದು ಹಿಮ್ಮಡಿಯನ್ನು ತಗ್ಗಾದ ಕಲ್ಲು ಅಥವಾ ಕಟ್ಟೆಯ ಮೇಲಿಟ್ಟು, ಬೆನ್ನು ನೆಟ್ಟಗಿಟ್ಟು ತುಸು ಮುಂದಕ್ಕೆ ಬಾಗುವುದು.

ಎದೆ ಮತ್ತು ಭುಜ: ಬೆನ್ನ ಹಿಂದೆ ಕೈಗಳನ್ನು ಜೋಡಿಸಿ ನಿಧಾನವಾಗಿ ಹಿಂದಕ್ಕೆ ಎಳೆಯುವುದು.

ಮುಂಗೈ: ತೋಳನ್ನು ಮುಂದೆ ಚಾಚಿ, ಇನ್ನೊಂದು ಕೈಯಿಂದ ಬೆರಳುಗಳನ್ನು ಮೃದುವಾಗಿ ತನ್ನತ್ತ ಎಳೆಯುವುದು. ಗುದ್ದಲಿ ಹಿಡಿದವರಿಗೆ ಇದು ಅತ್ಯಗತ್ಯ.

ಉಸಿರು ಬಿಗಿ ಹಿಡಿಯಬಾರದು. ಚಿಮ್ಮುತ್ತಾ ಎಳೆಯಬಾರದು. ಬಿಗಿಯ ಅನುಭವವಾಗಬೇಕು, ನೋವಾಗಬಾರದು.

8. ಓಟಗಾರರು ಮತ್ತು ಆಟಗಾರರು

ಪೊಲೀಸ್ ಹಾಗೂ ಸೈನ್ಯದ ನೇಮಕಾತಿಗಾಗಿ 1,600 ಮೀಟರ್ ಓಟದ ಅಭ್ಯಾಸ ಮಾಡುವ ಯುವಕರು ಆರೂ ತಾಲ್ಲೂಕುಗಳಲ್ಲಿ ಬೆಳಗಿನ ಜಾವ ರಸ್ತೆಯ ಬದಿಯಲ್ಲಿ ಕಾಣುತ್ತಾರೆ. ಮಾರ್ಗದರ್ಶಕರಿಲ್ಲದ ಕಡೆ ಅವರಲ್ಲಿ ಎರಡು ತಪ್ಪುಗಳು ಸಾಮಾನ್ಯ: ಹಾಸಿಗೆಯಿಂದ ಎದ್ದು ನೇರವಾಗಿ ವೇಗದ ಓಟಕ್ಕೆ ಇಳಿಯುವುದು, ಇಲ್ಲವೇ ತಣ್ಣಗಿನ ಮೈಯಲ್ಲಿ ಕಾಲುಗಳನ್ನು ಬಲವಂತವಾಗಿ ಎಳೆಯುವುದು. ಅವರು ಮೊದಲು ಐದು ನಿಮಿಷ ನಿಧಾನವಾಗಿ ಓಡಿ, ಬಳಿಕ ಮೊಣಕಾಲು ಎತ್ತುವ ಓಟ, ಹಿಮ್ಮಡಿಯಿಂದ ಪೃಷ್ಠ ಮುಟ್ಟುವ ಓಟ, ಕಾಲು ಮುಂದಿಟ್ಟು ಬಾಗುವ ನಡಿಗೆಗಳನ್ನು ಮಾಡಿ, ನಂತರ ವೇಗ ಹೆಚ್ಚಿಸಬೇಕು. ಸ್ಥಿರ ಚಾಚುವಿಕೆ ಓಟ ಮುಗಿದ ಮೇಲೆ. ಕಬಡ್ಡಿ, ಕೊಕ್ಕೊ ಆಡುವ ಮಕ್ಕಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಗ್ರಾಮದ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು ವಾರಕ್ಕೊಮ್ಮೆ ಮಾರ್ಗದರ್ಶನ ನೀಡುವಂತೆ ಪಂಚಾಯತಿಯು ಕೋರಬಹುದು. ಹೆಣ್ಣುಮಕ್ಕಳು ನಿರಾತಂಕವಾಗಿ ಅಭ್ಯಾಸ ಮಾಡಲು ಮೈದಾನದಲ್ಲಿ ಬೆಳಕು ಮತ್ತು ಶೌಚಾಲಯ ಇವೆಯೇ ಎಂಬುದನ್ನೂ ನೋಡಬೇಕು.

9. ಎಚ್ಚರಿಕೆಗಳು

ಹೊಸದಾಗಿ ಉಳುಕಿದ, ಊದಿಕೊಂಡ ಅಥವಾ ಹರಿದ ಸ್ನಾಯುವನ್ನು ಎಳೆಯಬಾರದು. ನಡು ನೋವಿನೊಂದಿಗೆ ಕಾಲಿಗೆ ಜೋಮು ಹಿಡಿಯುವುದು, ಕಾಲು ಬಲಗುಂದುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು ಕಂಡುಬಂದರೆ ವ್ಯಾಯಾಮ ನಿಲ್ಲಿಸಿ ತಕ್ಷಣ ವೈದ್ಯರಲ್ಲಿಗೆ ಕಳುಹಿಸಬೇಕು. ಎದೆ ನೋವು, ತಲೆ ಸುತ್ತು, ಉಸಿರು ಕಟ್ಟುವಿಕೆಗಳಿಗೂ ಇದು ಅನ್ವಯ. ಗರ್ಭಿಣಿಯರು, ಬಾಣಂತಿಯರು, ರಕ್ತಹೀನತೆಯುಳ್ಳವರು ಆಶಾ ಕಾರ್ಯಕರ್ತೆ ಅಥವಾ ಸಮುದಾಯ ಆರೋಗ್ಯ ಅಧಿಕಾರಿಯ ಸಲಹೆ ಪಡೆಯಬೇಕು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿಲಿನಲ್ಲಿ ದುಡಿಯುವಾಗ ಮೀನಖಂಡ ಹಿಡಿದುಕೊಂಡರೆ ಚಾಚುವಿಕೆಯಷ್ಟೇ ಸಾಲದು; ನೆರಳಿಗೆ ಕರೆದೊಯ್ದು ಉಪ್ಪು ಸಕ್ಕರೆ ಬೆರೆಸಿದ ನೀರು ಅಥವಾ ಓ.ಆರ್.ಎಸ್. ಕೊಡಬೇಕು. ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ ಅದು ಬಿಸಿಲಾಘಾತ. ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ 108 ವಾಹನ ಕರೆಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

10. ಗ್ರಾಮ ಪಂಚಾಯತಿಯ ಪಾತ್ರ

2005ರ ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆಯ ಎರಡನೇ ಅನುಸೂಚಿಯು ಕಾಮಗಾರಿ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ವಿಶ್ರಾಂತಿ ಮತ್ತು ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನು ಕೂಲಿಕಾರರ ಹಕ್ಕಾಗಿ ನಿಗದಿಪಡಿಸಿತು. ಅಂಗಚಾಲನೆಯು ಇವುಗಳಿಗೆ ಪೂರಕವೇ ಹೊರತು ಪರ್ಯಾಯವಲ್ಲ. ನೆರಳಿಲ್ಲದ ಸ್ಥಳದಲ್ಲಿ ವ್ಯಾಯಾಮ ಮಾಡಿಸಿ ಛಾಯಾಚಿತ್ರ ತೆಗೆದರೆ ಸದಸ್ಯರ ಹೊಣೆ ಮುಗಿಯುವುದಿಲ್ಲ. ಈ ಹಿನ್ನೆಲೆಯಲ್ಲಿ ಕೆಳಕಂಡ ಕ್ರಮಗಳನ್ನು ಪರಿಗಣಿಸಬಹುದು.

(ಅ) ಸಾಮಾನ್ಯ ಸಭೆಯಲ್ಲಿ ವಿಷಯ ಮಂಡಿಸಿ, ಅಂಗಚಾಲನೆಯ ಸಮಯವು ಕೆಲಸದ ವೇಳೆಯೊಳಗೇ ಇರಬೇಕೆಂದು ಸ್ಪಷ್ಟವಾಗಿ ದಾಖಲಿಸುವುದು.

(ಆ) ಕಾಯಕ ಬಂಧುಗಳಿಗೆ ಸಮುದಾಯ ಆರೋಗ್ಯ ಅಧಿಕಾರಿ ಅಥವಾ ದೈಹಿಕ ಶಿಕ್ಷಣ ಶಿಕ್ಷಕರಿಂದ ಅರ್ಧ ದಿನದ ತರಬೇತಿ ಕೊಡಿಸುವುದು. ಮಹಿಳೆಯರ ಗುಂಪನ್ನು ಮಹಿಳೆಯೇ ಮುನ್ನಡೆಸುವುದು.

(ಇ) ಯಾರನ್ನೂ ಒತ್ತಾಯಿಸದಿರುವುದು. ಮಾಡದವರ ಹಾಜರಾತಿಗೆ ಅಡ್ಡಿಪಡಿಸಬಾರದು; ಅಂಗವಿಕಲರನ್ನು, ಹಿರಿಯರನ್ನು ನಗೆಗೀಡು ಮಾಡಬಾರದು. ಮಹಿಳೆಯರು ವ್ಯಾಯಾಮ ಮಾಡುವಾಗ ಅವರ ಒಪ್ಪಿಗೆಯಿಲ್ಲದೆ ಚಿತ್ರ ತೆಗೆಯಬಾರದು.

(ಈ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ನಡು ನೋವಿನಿಂದ ಕೆಲಸ ಬಿಟ್ಟವರ ಸಂಖ್ಯೆಯನ್ನು ತಿಂಗಳಿಗೊಮ್ಮೆ ಕೇಳಿ ಬರೆದಿಡುವುದು. ಆರು ತಿಂಗಳ ನಂತರ ಈ ಅಂಕಿಗಳೇ ಕ್ರಮದ ಉಪಯುಕ್ತತೆಯನ್ನು ತಿಳಿಸುತ್ತವೆ. ಉಪಯೋಗ ಕಾಣದಿದ್ದರೆ ಕ್ರಮವನ್ನು ಬದಲಿಸಬೇಕು.

11. ಚರ್ಚೆಗೆ ಪ್ರಶ್ನೆಗಳು

(1) ತಮ್ಮ ವಾರ್ಡಿನಲ್ಲಿ ಕಳೆದ ವರ್ಷ ನಡು, ಭುಜ ಅಥವಾ ಮೊಣಕಾಲು ನೋವಿನಿಂದ ಕೆಲಸ ಬಿಟ್ಟ ಕುಟುಂಬಗಳು ಎಷ್ಟು? ಅವರ ಬದಲಿಗೆ ದುಡಿದವರು ಯಾರು?

(2) ಕೆಲಸಕ್ಕೆ ಮುನ್ನ ಸ್ಥಿರ ಚಾಚುವಿಕೆಗಿಂತ ಚಲನೆಯ ಚಾಚುವಿಕೆ ಏಕೆ ಸೂಕ್ತ? ಕಾರಣ ಸಹಿತ ವಿವರಿಸಿರಿ.

(3) ತಮ್ಮ ಪಂಚಾಯತಿಯ ಸದ್ಯದ ಕಾಮಗಾರಿ ಸ್ಥಳದಲ್ಲಿ ನೆರಳು, ನೀರು, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇವೆಯೇ? ಇಲ್ಲದಿದ್ದರೆ ಯಾವುದನ್ನು ಮೊದಲು ಒದಗಿಸಬೇಕು?

(4) ಹತ್ತು ನಿಮಿಷಗಳ ಅಂಗಚಾಲನೆಯು ಕೂಲಿಕಾರರ ಕೂಲಿಗೆ ಹೊರೆಯಾಗದಂತೆ ನೋಡಿಕೊಳ್ಳುವುದು ಹೇಗೆ?

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ಒಂದು ಬೆಳಿಗ್ಗೆ ಕಾಮಗಾರಿ ಸ್ಥಳಕ್ಕೆ ಭೇಟಿ ನೀಡಿ, ಐದನೇ ವಿಭಾಗದ ಏಳು ಚಲನೆಗಳನ್ನು ಕೂಲಿಕಾರರೊಂದಿಗೆ ನಿಂತು ತಾವೇ ಮಾಡಿ ನೋಡುವುದು ಮತ್ತು ಅವರ ಅಭಿಪ್ರಾಯವನ್ನು ಸಭೆಗೆ ತಿಳಿಸುವುದು ಅಪೇಕ್ಷಣೀಯ.